ಶ್ರೇಯಾಂಕದ ಬೆನ್ನು ಹತ್ತಿದ ಗುರು ನ್ಯೂಟ್ ರಾಕ್ನಿ

ಸೆಪ್ಟೆಂಬರ್ ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಎಷ್ಟೋ ಮನೆಗಳಲ್ಲಿ ಭಾನುವಾರ ಬೆಳಗಿನ ಫೋನ್ ಸಂಭಾಷಣೆಯ ಧಾಟಿ ಬದಲಾಗುತ್ತದೆ. ಅಮೆರಿಕಕ್ಕೆ ಎಂ.ಎಸ್. ಓದಲು ಹೋದ ಮಗನೋ ಮಗಳೋ ಊಟ, ಚಳಿ, ಪರೀಕ್ಷೆಗಳ ಸಮಾಚಾರ ಮುಗಿಸಿದ ಮೇಲೆ, ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಈ ವಾರ ಹನ್ನೆರಡನೆಯ ಸ್ಥಾನದಿಂದ ಏಳಕ್ಕೆ ಏರಿದ ಸುದ್ದಿಯನ್ನು ಸಂಭ್ರಮದಿಂದ ಹೇಳುತ್ತಾರೆ. ಕೆಂಗೇರಿಯ ಕಡೆ ಇಂಜಿನಿಯರಿಂಗ್ ಓದುವಾಗ ಆಟದ ಮೈದಾನದತ್ತ ತಲೆಹಾಕದಿದ್ದವರೂ ಅಲ್ಲಿ ಶನಿವಾರವಾದರೆ ತಂಡದ ಬಣ್ಣದ ಅಂಗಿ ತೊಟ್ಟು ಕ್ರೀಡಾಂಗಣಕ್ಕೆ ಹೊರಡುತ್ತಾರೆ. ಇತ್ತ ಕೇಳಿಸಿಕೊಳ್ಳುವ ತಂದೆಗೆ ಬಗೆಹರಿಯದ ಸಂಗತಿ ಒಂದೇ. ಒಂದು ವಾರ ಪಂದ್ಯವನ್ನೇ ಆಡದ ತಂಡ ಪಟ್ಟಿಯಲ್ಲಿ ಕೆಳಗಿಳಿಯುವುದು ಹೇಗೆ?

ಪ್ರಶ್ನೆ ನ್ಯಾಯವಾದದ್ದೇ. ರಣಜಿ ಟ್ರೋಫಿಯಲ್ಲಿ ಕರ್ನಾಟಕದ ಗತಿಯನ್ನು ಅನುಸರಿಸುವ ಅಭಿಮಾನಿಗೆ ಲೆಕ್ಕ ಸ್ಪಷ್ಟವಾಗಿರುತ್ತದೆ. ಪೂರ್ಣ ಗೆಲುವಿಗೆ 6 ಅಂಕ, ಮೊದಲ ಇನಿಂಗ್ಸ್ ಮುನ್ನಡೆ ಪಡೆದು ಡ್ರಾ ಆದರೆ 3, ಹಿನ್ನಡೆಯಾದರೆ 1. ಗುಂಪಿನ ತಂಡಗಳೆಲ್ಲ ಪರಸ್ಪರ ಎದುರಾಗುತ್ತವೆ, ಕೂಡಿದರೆ ಸಾಕು. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಈ ಸೌಲಭ್ಯವಿಲ್ಲ. ನೂರಕ್ಕೂ ಹೆಚ್ಚು ತಂಡಗಳು, ಒಂದೊಂದಕ್ಕೂ ಹತ್ತು ಹನ್ನೆರಡು ಪಂದ್ಯಗಳು. ಬಹುಪಾಲು ತಂಡಗಳು ಒಂದನ್ನೊಂದು ಮೈದಾನದಲ್ಲಿ ಕಾಣುವುದೇ ಇಲ್ಲ. ಹಾಗಿದ್ದೂ ದೇಶಕ್ಕೆ ಮೊದಲಿಗರು ಯಾರೆಂದು ನಿರ್ಧರಿಸಬೇಕು. ಈ ಅಸಾಧ್ಯ ಲೆಕ್ಕ ಇನ್ನೂ ಎಳವೆಯಲ್ಲಿದ್ದಾಗಲೇ ಅದರ ಶಕ್ತಿಯನ್ನು ಅರಿತು, ಅದನ್ನು ತಮ್ಮತ್ತ ಬಾಗಿಸಿಕೊಂಡು, ಅದರಿಂದಲೇ ಪೆಟ್ಟನ್ನೂ ತಿಂದವರು ನೋಟರ್ ಡೇಮ್ ವಿಶ್ವವಿದ್ಯಾಲಯದ ತರಬೇತುದಾರ ನ್ಯೂಟ್ ರಾಕ್ನಿ.

ಅವರು ಜನಿಸಿದ್ದು 1888ರ ಮಾರ್ಚ್ 4ರಂದು, ನಾರ್ವೆಯ ವಾಸ್ ಎಂಬ ಊರಿನಲ್ಲಿ. ಅಲ್ಲಿ ಅವರ ಹೆಸರು ಕ್ನೂಟ್. ಅಮೆರಿಕನ್ನರ ನಾಲಿಗೆಯಲ್ಲಿ ಮೊದಲ ಅಕ್ಷರ ಕರಗಿಹೋಯಿತು. ತಂದೆ ಲಾರ್ಸ್ ಸಾರೋಟು ತಯಾರಿಸುವ ಕುಶಲಕರ್ಮಿ. ತಮ್ಮ ಕೆಲಸವನ್ನು ಪ್ರದರ್ಶಿಸಲು ಅವರು ಷಿಕಾಗೊ ವಿಶ್ವಮೇಳಕ್ಕೆ ಹೋದರು. 1893ರಲ್ಲಿ ಕುಟುಂಬವೂ ಅವರನ್ನು ಹಿಂಬಾಲಿಸಿತು. ಹಿಂದಿನ ವರ್ಷವಷ್ಟೇ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆತಿಥ್ಯ ಪಡೆದಿದ್ದ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಅದೇ ಮೇಳದ ಅಂಗವಾಗಿ, ಅದೇ ವರ್ಷ. ಐದು ವರ್ಷದ ನಾರ್ವೆಯ ಬಾಲಕನಿಗೆ ಅದರ ಅರಿವು ಇದ್ದಿರಲಾರದು. ಅವನ ಪಾಲಿಗೆ ಷಿಕಾಗೊ ಎಂದರೆ ಬೀದಿಯ ಹುಡುಗರೊಡನೆ ಚೆಂಡಾಟ, ಹೊಸ ಭಾಷೆ, ಆಗಾಗ ಮೂಗಿಗೆ ಬೀಳುವ ಪೆಟ್ಟು.

ಹೈಸ್ಕೂಲು ಪೂರ್ತಿಯಾಗಲಿಲ್ಲ. ರಾಕ್ನಿ ಷಿಕಾಗೊ ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಕಾಲೇಜಿಗೆಂದು ಹಣ ಕೂಡಿಟ್ಟರು. ಇಲಿನಾಯ್ ವಿಶ್ವವಿದ್ಯಾಲಯ ಸೇರುವುದು ಅವರ ಮೊದಲ ಆಲೋಚನೆ. ಗೆಳೆಯರು ನೋಟರ್ ಡೇಮ್‌ಗೆ ಹೊರಟಿದ್ದರು, ಖರ್ಚೂ ಕಡಿಮೆಯೆಂದರು. ಹಾಗೆ 1910ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಲೂಥರನ್ ಮತದ ಈ ಯುವಕ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಪಟ್ಟಣದ ಕ್ಯಾಥೊಲಿಕ್ ವಿದ್ಯಾಸಂಸ್ಥೆಯ ಹೊಸಿಲು ತುಳಿದರು. ಓದಿನಲ್ಲಿ ಅವರು ಅಪ್ಪಟ ಜಾಣರು. ವಿಷಯ ರಸಾಯನಶಾಸ್ತ್ರ. ಮುಂದೆ ಕೃತಕ ರಬ್ಬರಿಗೆ ದಾರಿ ಮಾಡಿಕೊಟ್ಟ ಸಂಶೋಧನೆಗಳಿಗೆ ಹೆಸರಾದ ಪಾದ್ರಿ ಜೂಲಿಯಸ್ ನ್ಯೂಲೆಂಡ್ ಅವರ ಪ್ರಯೋಗಶಾಲೆಯಲ್ಲಿ ಸಹಾಯಕರಾಗಿ ದುಡಿದರು. ಪದವಿಯ ನಂತರ ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಲೇ ಫುಟ್‌ಬಾಲ್ ತರಬೇತಿಗೂ ನಿಂತರು.

ಇಲ್ಲಿ ಆಟದ ಬಗ್ಗೆ ಒಂದು ಮಾತು. ಹೆಸರು ಫುಟ್‌ಬಾಲ್ ಆದರೂ ಇದರಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಮೊಟ್ಟೆಯಾಕಾರದ್ದು. ಹನ್ನೊಂದು ಆಟಗಾರರ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಆ ಕಾಲದಲ್ಲಿ ಅದು ಗುಂಪುಗಟ್ಟಿ ನುಗ್ಗುವ, ಎಲುಬು ಮುರಿಯುವ ಆಟವಾಗಿತ್ತು. ಚೆಂಡನ್ನು ಮುಂದಕ್ಕೆ ಎಸೆಯಲು 1906ರಿಂದ ಅನುಮತಿ ಇದ್ದರೂ ದೊಡ್ಡ ಕಾಲೇಜುಗಳು ಅದನ್ನು ಹೆಚ್ಚಾಗಿ ನೆಚ್ಚಿರಲಿಲ್ಲ. 1913ರ ಬೇಸಿಗೆಯಲ್ಲಿ ಈರಿ ಸರೋವರದ ತೀರದ ಸೀಡರ್ ಪಾಯಿಂಟ್ ವಿಹಾರಧಾಮದಲ್ಲಿ ದುಡಿಯುತ್ತ ರಾಕ್ನಿ ಮತ್ತು ಗೆಳೆಯ ಗಸ್ ಡೊರಾಯ್ ಮರಳಿನ ಮೇಲೆ ಎಸೆತ, ಹಿಡಿತಗಳನ್ನು ಅಭ್ಯಾಸ ಮಾಡಿದರು. ಆ ವರ್ಷದ ನವೆಂಬರ್ 1ರಂದು ವೆಸ್ಟ್ ಪಾಯಿಂಟ್‌ನಲ್ಲಿ ಬಲಾಢ್ಯ ಸೇನಾ ಅಕಾಡೆಮಿ ತಂಡವನ್ನು, ಪೂರ್ವದ ಪತ್ರಿಕೆಗಳು ಹೆಸರೇ ಕೇಳಿರದ ಕಾಲೇಜೊಂದು 35-13ರಿಂದ ಮಣಿಸಿತು. ಮುನ್ನೆಸೆತವನ್ನು ಕಂಡುಹಿಡಿದವರು ಇವರಲ್ಲ. ಆದರೆ ಅದು ಆಟ ಗೆಲ್ಲಿಸಬಲ್ಲದೆಂದು ದೇಶಕ್ಕೆ ಮನವರಿಕೆ ಮಾಡಿಸಿದವರಲ್ಲಿ ಇವರು ಮುಖ್ಯರು.

1918ರಲ್ಲಿ ರಾಕ್ನಿ ಮುಖ್ಯ ತರಬೇತುದಾರರಾದರು. 1919 ಮತ್ತು 1920, ಎರಡೂ ಋತುಗಳಲ್ಲಿ ತಂಡ ಸೋಲರಿಯಲಿಲ್ಲ. ಆ ತಂಡದ ತಾರೆ ಜಾರ್ಜ್ ಗಿಪ್ 1920ರ ಡಿಸೆಂಬರ್ 14ರಂದು ಗಂಟಲ ಸೋಂಕು, ನ್ಯುಮೋನಿಯಾಗಳಿಂದ ತೀರಿಕೊಂಡ. ಪ್ರತಿಜೈವಿಕ ಔಷಧಗಳಿಲ್ಲದ ಕಾಲ ಅದು. ಗಿಪ್‌ನ ಹೆಸರು ಎಂಟು ವರ್ಷಗಳ ನಂತರ ಮತ್ತೊಮ್ಮೆ ಈ ಕಥೆಯೊಳಗೆ ಬರಲಿದೆ.

ಅಂದಿನ ನೋಟರ್ ಡೇಮ್ ತಂಡಕ್ಕೆ ಒಂದು ವಿಚಿತ್ರ ಕೊರತೆಯಿತ್ತು. ಸುತ್ತಲಿನ ದೊಡ್ಡ ವಿಶ್ವವಿದ್ಯಾಲಯಗಳ ಒಕ್ಕೂಟ ಅದಕ್ಕೆ ಬಾಗಿಲು ತೆರೆದಿರಲಿಲ್ಲ. ಒಕ್ಕೂಟವಿಲ್ಲವೆಂದರೆ ಗೆಲ್ಲಲು ಪಟ್ಟವಿಲ್ಲ, ನೆರೆಹೊರೆಯಲ್ಲಿ ಎದುರಾಳಿಗಳೂ ಸಾಲದು. ರಾಕ್ನಿ ಈ ಕೊರತೆಯನ್ನೇ ಬಂಡವಾಳ ಮಾಡಿಕೊಂಡರು. ರೈಲು ಹತ್ತಿಸಿ ತಂಡವನ್ನು ನ್ಯೂಯಾರ್ಕಿಗೆ, ನೆಬ್ರಾಸ್ಕಕ್ಕೆ, ಜಾರ್ಜಿಯಕ್ಕೆ, ಕೊನೆಗೆ ಲಾಸ್ ಏಂಜಲೀಸ್‌ಗೂ ಒಯ್ದರು. ಹೋದಲ್ಲೆಲ್ಲ ಐರಿಷ್, ಇಟಾಲಿಯನ್, ಪೋಲಿಷ್ ವಲಸಿಗರು ಅವರ ತಂಡವನ್ನು ತಮ್ಮದೆಂದುಕೊಂಡರು. ಕ್ಯಾಥೊಲಿಕರನ್ನು ದ್ವೇಷಿಸುವ ಕು ಕ್ಲಕ್ಸ್ ಕ್ಲಾನ್ ಇಂಡಿಯಾನಾದಲ್ಲಿ ಹೆಡೆಯೆತ್ತಿದ್ದ ದಿನಗಳು ಅವು. 1924ರ ಮೇ ತಿಂಗಳಲ್ಲಿ ಸೌತ್ ಬೆಂಡ್ ಬೀದಿಗಳಲ್ಲೇ ಕ್ಲಾನ್‌ನವರಿಗೂ ವಿದ್ಯಾರ್ಥಿಗಳಿಗೂ ಘರ್ಷಣೆ ನಡೆದಿತ್ತು. ಕಾಲೇಜಿನ ಮೆಟ್ಟಿಲನ್ನೇ ಹತ್ತಿರದ ನ್ಯೂಯಾರ್ಕಿನ ಕೂಲಿಕಾರರು ಸುರಂಗ ರೈಲು ಹಿಡಿದು ಪಂದ್ಯಕ್ಕೆ ಬರುತ್ತಿದ್ದರು. ಅವರನ್ನು ಸುರಂಗ ರೈಲಿನ ಹಳೆವಿದ್ಯಾರ್ಥಿಗಳೆಂದೇ ಕರೆಯಲಾಯಿತು. ಅವರ ಪಾಲಿಗೆ ತಂಡದ ಸ್ಥಾನ ಕೇವಲ ಆಟದ ಲೆಕ್ಕವಾಗಿರಲಿಲ್ಲ.

ಅಭಿಮಾನಿಗಳಿಗೆ ಸುದ್ದಿ ತಲುಪುತ್ತಿದ್ದ ಬಗೆಯೂ ಸ್ವಾರಸ್ಯಕರ. ತಂಡ ಪರಊರಿನಲ್ಲಿ ಆಡುವಾಗ ಕಾಲೇಜಿನ ವ್ಯಾಯಾಮಶಾಲೆಯಲ್ಲಿ ದೊಡ್ಡ ಹಲಗೆಯೊಂದನ್ನು ನಿಲ್ಲಿಸುತ್ತಿದ್ದರು. ತಂತಿ ಸಂದೇಶ ಬಂದಂತೆಲ್ಲ ಅದರ ಮೇಲೆ ದೀಪಗಳು ಹೊತ್ತಿ ಚೆಂಡು ಎಲ್ಲಿದೆಯೆಂದು ತೋರಿಸುತ್ತಿದ್ದವು. ನೂರಾರು ಮಂದಿ ಆ ದೀಪ ನೋಡುತ್ತ ಕೂಗುತ್ತಿದ್ದರು. ಬಳಿಕ ರೇಡಿಯೊ ಬಂತು. ಪ್ರಸಾರದ ಹಕ್ಕಿಗೆ ನೋಟರ್ ಡೇಮ್ ಹಣ ಕೇಳಲಿಲ್ಲ. ಬಯಸಿದ ಕೇಂದ್ರಗಳಿಗೆಲ್ಲ ಮುಕ್ತವಾಗಿ ಬಿಟ್ಟುಕೊಟ್ಟಿತು. ಇಡೀ ದೇಶದಲ್ಲಿ ಅದರ ಅಭಿಮಾನಿಗಳು ಹಬ್ಬಲು ಇದೊಂದು ದೊಡ್ಡ ಕಾರಣ.

1924ರ ತಂಡ ರಾಕ್ನಿಯವರ ಅತ್ಯುತ್ತಮ ಕೃತಿ. ಸ್ಟುಲ್‌ಡ್ರೆಹರ್, ಕ್ರೌಲಿ, ಮಿಲ್ಲರ್, ಲೇಡನ್ ಎಂಬ ನಾಲ್ವರು ಹಿಂಸಾಲಿನ ಆಟಗಾರರು. ಯಾರೂ 75 ಕಿಲೋ ತೂಕ ಮೀರಿದವರಲ್ಲ. ಅಕ್ಟೋಬರ್ 18ರಂದು ಅವರು ಸೇನಾ ತಂಡವನ್ನು 13-7ರಿಂದ ಸೋಲಿಸಿದಾಗ ಕ್ರೀಡಾ ಬರಹಗಾರ ಗ್ರಾಂಟ್‌ಲೆಂಡ್ ರೈಸ್ ಅವರನ್ನು ಬೈಬಲ್ಲಿನ ನಾಲ್ವರು ಕುದುರೆ ಸವಾರರಿಗೆ ಹೋಲಿಸಿದರು. ರಾಕ್ನಿಯವರ ಪ್ರಚಾರದ ಕೆಲಸ ನೋಡುತ್ತಿದ್ದ ವಿದ್ಯಾರ್ಥಿಯೊಬ್ಬ ಅಷ್ಟಕ್ಕೇ ಸುಮ್ಮನಿರಲಿಲ್ಲ. ನಾಲ್ವರನ್ನೂ ನಿಜವಾದ ಕುದುರೆಗಳ ಮೇಲೆ ಕೂರಿಸಿ ಛಾಯಾಚಿತ್ರ ತೆಗೆಸಿದ. ಆ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಮೆರೆಯಿತು. 1925ರ ಹೊಸ ವರ್ಷದ ದಿನ ರೋಸ್ ಬೌಲ್ ಪಂದ್ಯದಲ್ಲಿ ಸ್ಟ್ಯಾನ್‌ಫರ್ಡ್ ವಿರುದ್ಧ 27-10ರ ಜಯದೊಂದಿಗೆ ಋತು ಮುಗಿಯಿತು. ಹತ್ತಕ್ಕೆ ಹತ್ತು ಗೆಲುವು. ಆದರೆ ಅವರೇ ದೇಶಕ್ಕೆ ಮೊದಲಿಗರೆಂದು ಅಳೆದು ಹೇಳುವ ಒಪ್ಪಿತ ಲೆಕ್ಕವೊಂದು ಆಗ ಇರಲಿಲ್ಲ.

ಆ ಲೆಕ್ಕ ಹುಟ್ಟಿದ್ದು, ರಾಕ್ನಿ ಒಮ್ಮೆ ಸೇರಬೇಕೆಂದಿದ್ದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಅರ್ಥಶಾಸ್ತ್ರ ಪ್ರಾಧ್ಯಾಪಕ ಫ್ರ್ಯಾಂಕ್ ಡಿಕಿನ್ಸನ್ ತಂಡಗಳನ್ನು ಎರಡು ದರ್ಜೆಗಳಾಗಿ ವಿಂಗಡಿಸಿದರು. ಮೇಲಿನ ದರ್ಜೆಯ ತಂಡವನ್ನು ಗೆದ್ದರೆ 30 ಅಂಕ, ಅದಕ್ಕೆ ಸೋತರೆ 15, ಸಮವಾದರೆ 22.5. ಕೆಳದರ್ಜೆಯ ತಂಡವನ್ನು ಗೆದ್ದರೆ 20, ಸೋತರೆ 10, ಸಮವಾದರೆ 15. ಒಟ್ಟು ಮೊತ್ತವನ್ನು ಪಂದ್ಯಗಳ ಸಂಖ್ಯೆಯಿಂದ ಭಾಗಿಸಬೇಕು. ಎಂಟು ಪಂದ್ಯಗಳಲ್ಲಿ ಐವರು ಬಲಿಷ್ಠರನ್ನೂ ಮೂವರು ದುರ್ಬಲರನ್ನೂ ಸೋಲಿಸಿದ ತಂಡಕ್ಕೆ 210 ಅಂಕ, ಸರಾಸರಿ 26.25. ಈ ಸೂತ್ರದ ಒಳಗುಟ್ಟು ಅಭಿಮಾನಿಗಳಿಗೆ ಬೇಗ ತಿಳಿಯಿತು. ದುರ್ಬಲರನ್ನು ಎಷ್ಟೇ ದೊಡ್ಡ ಅಂತರದಿಂದ ಬಡಿದರೂ ಸಿಗುವುದು 20 ಮಾತ್ರ; ಸರಾಸರಿ 26 ಇರುವವರಿಗೆ ಆ ಗೆಲುವೇ ನಷ್ಟ. ಅಷ್ಟೇ ಅಲ್ಲ, ಒಮ್ಮೆ ಸೋಲಿಸಿದ ಎದುರಾಳಿ ಮುಂದಿನ ಪಂದ್ಯಗಳಲ್ಲಿ ಸೋಲುತ್ತ ಹೋಗಿ ಕೆಳದರ್ಜೆಗೆ ಜಾರಿದರೆ, ಗೆದ್ದವರ 30 ಅಂಕ ಕುಳಿತಲ್ಲೇ 20 ಆಗುತ್ತಿತ್ತು. ಹೀಗಾಗಿ ಸೋಲಿಸಿದ ತಂಡವೇ ಮುಂದೆ ಗೆಲ್ಲಲೆಂದು ಹರಸುತ್ತ ಕೂರುವುದು ಅಭಿಮಾನಿಯ ಹೊಸ ಕರ್ಮವಾಯಿತು. ರಾಜಾಜಿನಗರದ ತಂದೆಯ ಪ್ರಶ್ನೆಗೆ ಉತ್ತರದ ಬೇರು ಇಲ್ಲಿದೆ.

ಷಿಕಾಗೊದ ಬಟ್ಟೆ ಉದ್ಯಮಿ ಜಾಕ್ ರಿಸ್‌ಮನ್ ಈ ಲೆಕ್ಕವನ್ನು ಆಧರಿಸಿ, ಆ ಪ್ರದೇಶದ ಒಕ್ಕೂಟದ ಅಗ್ರ ತಂಡಕ್ಕೆ ಟ್ರೋಫಿ ಕೊಡಲು ಮುಂದಾದರು. ಸುದ್ದಿ ರಾಕ್ನಿಯವರ ಕಿವಿಗೆ ಬಿತ್ತು. ಒಕ್ಕೂಟದ ಟ್ರೋಫಿಯಾದರೆ ಒಕ್ಕೂಟದ ಹೊರಗಿದ್ದ ನೋಟರ್ ಡೇಮ್‌ಗೆ ಅದರಲ್ಲಿ ಪಾಲಿಲ್ಲ. ಅವರು ಪ್ರಾಧ್ಯಾಪಕರನ್ನೂ ಉದ್ಯಮಿಯನ್ನೂ ಸೌತ್ ಬೆಂಡ್‌ಗೆ ಊಟಕ್ಕೆ ಕರೆದರು. ಊಟ ಮುಗಿಯುವಷ್ಟರಲ್ಲಿ ಅದು ಇಡೀ ದೇಶದ ಟ್ರೋಫಿಯಾಗಿತ್ತು. ರಾಕ್ನಿ ಅಲ್ಲಿಗೂ ನಿಲ್ಲಲಿಲ್ಲ. ಲೆಕ್ಕವನ್ನು 1924ರಿಂದಲೇ ಅನ್ವಯಿಸಬೇಕೆಂದು ಒಪ್ಪಿಸಿದರು. 1924ರಲ್ಲಿ ಯಾರು ಮೊದಲಿಗರಾಗಿ ಬಂದರೆಂದು ಹೇಳಬೇಕಾಗಿಲ್ಲ. 1925ರ ಗೌರವ ಡಾರ್ಟ್‌ಮತ್ ಕಾಲೇಜಿಗೆ ಸಂದಿತು.

ಇದು ಜಾಣತನವೋ, ಆಸೆಬುರುಕತನವೋ? ಎರಡೂ ಅನ್ನಬಹುದು. ಹತ್ತಕ್ಕೆ ಹತ್ತು ಗೆದ್ದ ತಂಡಕ್ಕೆ ನ್ಯಾಯವಾಗಿ ಸಲ್ಲಬೇಕಾದ ಮಾನ್ಯತೆಯನ್ನೇ ಅವರು ಕೇಳಿದರೆಂಬುದು ನಿಜ. ತನ್ನ ಪ್ರಶಸ್ತಿಯ ನಿಯಮವನ್ನು ತಾನೇ ಕೂತು ಬರೆಸಿಕೊಂಡ ಸ್ಪರ್ಧಿಯೆಂಬುದೂ ನಿಜ. ಪತ್ರಿಕಾ ಅಂಕಣ, ಭಾಷಣ, ಸ್ಟುಡಿಬೇಕರ್ ಮೋಟಾರು ಕಂಪನಿಯ ಮಾರಾಟ ಪ್ರಚಾರ, ಹೀಗೆ ರಾಕ್ನಿ ಕೈಯಿಡದ ಕ್ಷೇತ್ರವಿರಲಿಲ್ಲ. ಹೆಸರು ಬೆಳೆಸುವ ವಿದ್ಯೆ ಅವರಿಗೆ ರಸಾಯನಶಾಸ್ತ್ರದಷ್ಟೇ ಕರಗತವಾಗಿತ್ತು.

ಆ ವಿದ್ಯೆಯೇ 1926ರಲ್ಲಿ ಮುಳುವಾಯಿತು. ಆ ವರ್ಷ ಮೊದಲ ಎಂಟು ಪಂದ್ಯಗಳಲ್ಲಿ ಎದುರಾಳಿಗಳೆಲ್ಲ ಸೇರಿ ನೋಟರ್ ಡೇಮ್ ವಿರುದ್ಧ ಗಳಿಸಿದ್ದು ಕೇವಲ 7 ಅಂಕ, ಅದೂ ಮಿನೆಸೋಟ ತಂಡದ ಗಳಿಕೆ. ನವೆಂಬರ್ 27ರಂದು ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಟೆಕ್ ಎದುರಾಳಿ. ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದರ ತರಬೇತುದಾರ ವಾಲ್ಟರ್ ಸ್ಟೆಫನ್ ಷಿಕಾಗೊದಲ್ಲಿ ನ್ಯಾಯಾಧೀಶರು, ಬಿಡುವಿನಲ್ಲಿ ಬಂದು ಹೋಗುವವರು. ಅದೇ ದಿನ ಷಿಕಾಗೊದ ಸೋಲ್ಜರ್ ಫೀಲ್ಡ್‌ನಲ್ಲಿ ಸೇನೆ ಮತ್ತು ನೌಕಾಪಡೆಯ ಅಕಾಡೆಮಿಗಳ ನಡುವೆ ಮಹಾ ಪಂದ್ಯ. ರಾಕ್ನಿ ತಂಡವನ್ನು ಸಹಾಯಕ ಹಂಕ್ ಆಂಡರ್ಸನ್ ಕೈಗೊಪ್ಪಿಸಿ, ಷಿಕಾಗೊದ ಪಂದ್ಯ ನೋಡಲು ಹೋದರು. ಅಲ್ಲಿ ಆಟ 21-21ರಿಂದ ರೋಚಕವಾಗಿ ಸಮವಾಯಿತು. ಪಿಟ್ಸ್‌ಬರ್ಗ್‌ನಿಂದ ಬಂದ ಸುದ್ದಿ ಬೇರೆಯೇ ಇತ್ತು. ಕಾರ್ನೆಗಿ ಟೆಕ್ 19, ನೋಟರ್ ಡೇಮ್ 0.

ಮುಂದಿನ ವಾರ ಲಾಸ್ ಏಂಜಲೀಸ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು 13-12ರಿಂದ ಗೆದ್ದರೂ ಕಳೆದದ್ದು ಮರಳಲಿಲ್ಲ. ಡಿಕಿನ್ಸನ್ ಪಟ್ಟಿಯಲ್ಲಿ ಸ್ಟ್ಯಾನ್‌ಫರ್ಡ್ ಮೊದಲನೆಯದಾಯಿತು. ದೇಶದ ಪಟ್ಟಕ್ಕಾಗಿ ನಿಯಮವನ್ನೇ ಹಿಗ್ಗಿಸಿದ್ದ ತರಬೇತುದಾರ ಆ ಒಂದು ಶನಿವಾರ ತನ್ನ ತಂಡದ ಬಳಿ ಇರಲಿಲ್ಲವೆಂಬುದನ್ನು ಅಭಿಮಾನಿಗಳು ಬಹುಕಾಲ ಮರೆಯಲಿಲ್ಲ.

1927ರಲ್ಲಿ ಪ್ರಾಧ್ಯಾಪಕರ ಲೆಕ್ಕ ಅವರದೇ ಇಲಿನಾಯ್ ತಂಡವನ್ನು ಮೊದಲಿಗರೆಂದು ಸಾರಿತು. ಸೂತ್ರ ನಿಷ್ಪಕ್ಷಪಾತಿಯೇ ಇರಬಹುದು, ನಂಬಿಸುವುದು ಮಾತ್ರ ಕಷ್ಟ. 1928 ರಾಕ್ನಿಯವರಿಗೆ ಅತಿ ಕೆಟ್ಟ ವರ್ಷ: ಐದು ಗೆಲುವು, ನಾಲ್ಕು ಸೋಲು. ಅದೇ ವರ್ಷ ನವೆಂಬರ್ 10ರಂದು ನ್ಯೂಯಾರ್ಕಿನ ಯಾಂಕಿ ಕ್ರೀಡಾಂಗಣದಲ್ಲಿ ಬಲಿಷ್ಠ ಸೇನಾ ತಂಡದ ಎದುರು, ರಾಕ್ನಿ ತಮ್ಮ ಹುಡುಗರಿಗೆ ಮೃತ ಗಿಪ್‌ನ ಕೊನೆಯಾಸೆಯೆಂದು ಒಂದು ಸಂಗತಿ ಹೇಳಿದರು. ಮುಂದೆಂದೋ ತಂಡ ಸಂಕಷ್ಟದಲ್ಲಿದ್ದಾಗ ತನ್ನ ಸಲುವಾಗಿ ಒಂದು ಪಂದ್ಯ ಗೆಲ್ಲಬೇಕೆಂದು ಗಿಪ್ ಮರಣಶಯ್ಯೆಯಲ್ಲಿ ಕೋರಿದ್ದನಂತೆ. ಹುಡುಗರು ಕಣ್ಣೀರು ಒರೆಸಿಕೊಂಡು ಆಡಿ 12-6ರಿಂದ ಗೆದ್ದರು. ಗಿಪ್ ನಿಜವಾಗಿ ಹಾಗೆ ಕೋರಿದ್ದನೇ ಎಂಬ ಬಗ್ಗೆ ಚರಿತ್ರೆಕಾರರಲ್ಲಿ ಇಂದಿಗೂ ಸಂಶಯವಿದೆ. 1940ರಲ್ಲಿ ರಾಕ್ನಿ ಕುರಿತ ಚಲನಚಿತ್ರ ಬಂದಾಗ ಗಿಪ್‌ನ ಪಾತ್ರ ವಹಿಸಿದ ರೊನಾಲ್ಡ್ ರೇಗನ್ ಮುಂದೆ ಅಮೆರಿಕದ ಅಧ್ಯಕ್ಷರಾದರು. ಆದರೆ ಗೆದ್ದ ಮರುವಾರವೇ ಕಾರ್ನೆಗಿ ಟೆಕ್ ಸೌತ್ ಬೆಂಡ್‌ಗೆ ಬಂದು 27-7ರಿಂದ ಸೋಲಿಸಿ ಹೋದದ್ದು ಚಲನಚಿತ್ರಗಳಿಗೆ ಒಗ್ಗುವ ಸಂಗತಿಯಲ್ಲ. ತವರು ನೆಲದಲ್ಲಿ ನೋಟರ್ ಡೇಮ್ ಸೋತದ್ದು 1905ರ ನಂತರ ಅದೇ ಮೊದಲು.

1929ರಲ್ಲಿ ಹೊಸ ಕ್ರೀಡಾಂಗಣದ ಕಾಮಗಾರಿ ನಡೆದಿತ್ತು. ತವರಿನಲ್ಲಿ ಒಂದೂ ಪಂದ್ಯವಿಲ್ಲ. ಜತೆಗೆ ರಾಕ್ನಿಯವರ ಕಾಲಿನ ರಕ್ತನಾಳದಲ್ಲಿ ಉರಿಯೂತ; ಹೆಪ್ಪುಗಟ್ಟಿದ ರಕ್ತ ಹೃದಯಕ್ಕೆ ಸರಿದರೆ ಪ್ರಾಣಕ್ಕೇ ಕುತ್ತು. ಆದರೂ ಅಕ್ಟೋಬರ್ 26ರಂದು ಅವರು ಪಿಟ್ಸ್‌ಬರ್ಗ್‌ಗೆ ಹೋಗದೆ ಬಿಡಲಿಲ್ಲ. ಎದುರಾಳಿ ಅದೇ ಕಾರ್ನೆಗಿ ಟೆಕ್. ಅವರನ್ನು ಎತ್ತಿಕೊಂಡು ಬಂದು ಆಟಗಾರರ ಕೋಣೆಯಲ್ಲಿ ಕೂರಿಸಲಾಯಿತು. ಗಾಲಿಕುರ್ಚಿಯಲ್ಲಿ ಕುಳಿತೇ ಪಂದ್ಯ ನಡೆಸಿದರು. 7-0ರ ಗೆಲುವು. ಮೂರು ವರ್ಷ ಹಿಂದೆ ಆರೋಗ್ಯವಾಗಿದ್ದೂ ಬಾರದಿದ್ದ ಊರಿಗೆ ಅಂದು ಜೀವ ಪಣಕ್ಕಿಟ್ಟು ಬಂದಿದ್ದರು. ಒಂಬತ್ತಕ್ಕೆ ಒಂಬತ್ತು ಗೆದ್ದ ತಂಡವನ್ನು ಡಿಕಿನ್ಸನ್ ಮೊದಲ ಸ್ಥಾನದಲ್ಲಿರಿಸಿದರು.

1930ರ ಋತು ಅಭಿಮಾನಿಯೊಬ್ಬ ಹಗಲಿರುಳು ಲೆಕ್ಕ ಹಾಕಲು ಹೇಳಿ ಮಾಡಿಸಿದಂತಿತ್ತು. ಸುಮಾರು 54,000 ಜನ ಹಿಡಿಸುವ ಹೊಸ ಕ್ರೀಡಾಂಗಣದ ಮೊದಲ ಪಂದ್ಯದಲ್ಲೇ ಸದರ್ನ್ ಮೆಥಡಿಸ್ಟ್ ತಂಡ ಬೆವರಿಳಿಸಿ 20-14ಕ್ಕೆ ಶರಣಾಯಿತು. ನೌಕಾಪಡೆ, ಕಾರ್ನೆಗಿ ಟೆಕ್, ಪಿಟ್ಸ್‌ಬರ್ಗ್, ಇಂಡಿಯಾನಾ, ಪೆನ್ಸಿಲ್ವೇನಿಯಾ, ಡ್ರೇಕ್ ಒಂದೊಂದಾಗಿ ಉರುಳಿದವು. ನಾರ್ತ್‌ವೆಸ್ಟರ್ನ್ 14-0. ನವೆಂಬರ್ 29ರಂದು ಷಿಕಾಗೊದ ಕೊರೆಯುವ ಮಳೆ, ಕೆಸರಿನಲ್ಲಿ ಸೇನಾ ತಂಡದೆದುರು ಕೊನೆಯ ನಿಮಿಷಗಳವರೆಗೂ ಅಂಕವಿಲ್ಲ. ಮಾರ್ಚಿ ಶ್ವಾರ್ಟ್ಸ್ 54 ಗಜ ಓಡಿ ಟಚ್‌ಡೌನ್ ತಂದ. ಕೆಲವೇ ಕ್ಷಣಗಳಲ್ಲಿ ಸೇನಾ ತಂಡವೂ ಒಂದು ಟಚ್‌ಡೌನ್ ಗಳಿಸಿತು. ಸಮ ಮಾಡಬೇಕಿದ್ದ ಹೆಚ್ಚುವರಿ ಒದೆತವನ್ನು ನೋಟರ್ ಡೇಮ್ ಹುಡುಗರು ತಡೆದರು. 7-6. ಉಳಿದದ್ದು ದಕ್ಷಿಣ ಕ್ಯಾಲಿಫೋರ್ನಿಯಾ. ತಂಡ ದಣಿದಿದೆ, ಗಾಯಾಳುಗಳಿದ್ದಾರೆ, ಸೋಲು ಖಚಿತವೆಂದು ಪಂಡಿತರು ಬರೆದರು. ರಾಕ್ನಿ ಆ ಮಾತನ್ನು ಅಲ್ಲಗಳೆಯುವ ಗೋಜಿಗೆ ಹೋಗಲಿಲ್ಲ. ಬದಲಿಗೆ ಬಕಿ ಒಕಾನರ್ ಎಂಬ ಮೀಸಲು ಆಟಗಾರನನ್ನು ಹೊಸ ಸ್ಥಾನಕ್ಕೆ ಸದ್ದಿಲ್ಲದೆ ಅಣಿಗೊಳಿಸಿದರು. ಡಿಸೆಂಬರ್ 6ರಂದು ಒಕಾನರ್ ಮೈದಾನದುದ್ದಕ್ಕೂ ಓಡಿದ. 27-0. ಡಿಕಿನ್ಸನ್ ಲೆಕ್ಕದಲ್ಲಿ ಮೂರನೆಯ ಬಾರಿ ಮೊದಲಿಗರಾದ ನೋಟರ್ ಡೇಮ್ ರಿಸ್‌ಮನ್ ಟ್ರೋಫಿಯನ್ನು ಶಾಶ್ವತವಾಗಿ ತನ್ನದಾಗಿಸಿಕೊಂಡಿತು. ಆ ಮೂರರಲ್ಲಿ ಮೊದಲನೆಯದು, ಊಟದ ಮೇಜಿನ ಮೇಲೆ ಹಿಂದಿನಿಂದ ಎಣಿಸಿಕೊಂಡ 1924.

ಹದಿಮೂರು ಋತುಗಳು, 105 ಗೆಲುವು, 12 ಸೋಲು, 5 ಸಮ. ಅದೇ ರಾಕ್ನಿಯವರ ಅಂತಿಮ ಲೆಕ್ಕವಾಯಿತು. 1931ರ ಮಾರ್ಚ್ 31ರಂದು, ಅಲ್ಲೇ ಶಾಲೆಯಲ್ಲಿ ಓದುತ್ತಿದ್ದ ಇಬ್ಬರು ಪುತ್ರರನ್ನು ಕಾಣಲೆಂದು ಕಾನ್ಸಸ್ ಸಿಟಿಯಲ್ಲಿ ಇಳಿದಿದ್ದ ಅವರು, ಚಲನಚಿತ್ರವೊಂದರ ಕೆಲಸಕ್ಕಾಗಿ ಲಾಸ್ ಏಂಜಲೀಸ್‌ಗೆ ಹೊರಟು ಫೋಕರ್ ವಿಮಾನ ಹತ್ತಿದರು. ಕಾನ್ಸಸ್ ರಾಜ್ಯದ ಬಝಾರ್ ಎಂಬ ಹಳ್ಳಿಯ ಬಳಿ ವಿಮಾನದ ಮರದ ರೆಕ್ಕೆ ಮುರಿದು ಎಂಟೂ ಮಂದಿ ಅಸುನೀಗಿದರು. ರಾಕ್ನಿಯವರಿಗೆ ಆಗ 43 ವರ್ಷ. ತೇವಕ್ಕೆ ಒಳಗಿನ ಅಂಟು ಸಡಿಲವಾಗಿದ್ದುದೇ ಕಾರಣವೆಂದು ತನಿಖೆ ಸೂಚಿಸಿತು. ಮರದ ರೆಕ್ಕೆಯ ಪ್ರಯಾಣಿಕ ವಿಮಾನಗಳ ಮೇಲೆ ಜನರ ನಂಬಿಕೆ ಹೋಯಿತು, ಪೂರ್ಣ ಲೋಹದ ವಿಮಾನಗಳ ಯುಗ ಬೇಗ ಬಂತು. ನಾರ್ವೆಯ ದೊರೆ ಅಂತ್ಯಕ್ರಿಯೆಗೆ ಪ್ರತಿನಿಧಿಯನ್ನು ಕಳುಹಿಸಿದರು. 1925ರಲ್ಲಿ ಕ್ಯಾಥೊಲಿಕ್ ಮತ ಸ್ವೀಕರಿಸಿದ್ದ ರಾಕ್ನಿಯವರನ್ನು ಸೌತ್ ಬೆಂಡ್‌ನ ಹೈಲೆಂಡ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು.

ಡಿಕಿನ್ಸನ್ ತಮ್ಮ ಲೆಕ್ಕವನ್ನು 1940ರವರೆಗೆ ಮುಂದುವರಿಸಿದರು. ಅಷ್ಟರಲ್ಲಿ, 1936ರಿಂದ, ಅಸೋಸಿಯೇಟೆಡ್ ಪ್ರೆಸ್ ಕ್ರೀಡಾ ಸಂಪಾದಕರ ಮತ ಪಡೆದು ವಾರವಾರವೂ ಪಟ್ಟಿ ಪ್ರಕಟಿಸತೊಡಗಿತ್ತು. ಫೋನಿನಲ್ಲಿ ಕೇಳಿಬರುವ ಹನ್ನೆರಡು, ಏಳುಗಳು ಆ ಪರಂಪರೆಯವು. 1998ರಿಂದ ಗಣಕಯಂತ್ರಗಳ ಸೂತ್ರಗಳೂ ಸೇರಿದವು; 2014ರ ಋತುವಿನಿಂದ ನಾಲ್ಕು, 2024ರಿಂದ ಹನ್ನೆರಡು ತಂಡಗಳ ನಿರ್ಣಾಯಕ ಪಂದ್ಯಗಳು ಬಂದವು. ಯಾವ ಹನ್ನೆರಡು ಎಂಬುದನ್ನು ಇಂದಿಗೂ ಪಟ್ಟಿಯೇ ನಿರ್ಧರಿಸುತ್ತದೆ.

1931ರಲ್ಲಿ ಹಳೆಯ ಟ್ರೋಫಿಯ ಜಾಗಕ್ಕೆ ಹೊಸದೊಂದು ಬಂತು. ಅದಕ್ಕೆ ರಾಕ್ನಿಯವರ ಹೆಸರಿಟ್ಟರು. ಆ ನವೆಂಬರ್ 21ರಂದು ದಕ್ಷಿಣ ಕ್ಯಾಲಿಫೋರ್ನಿಯಾ ತಂಡ ಸೌತ್ ಬೆಂಡ್‌ಗೆ ಬಂತು. ಮೂರು ಚರಣ ಮುಗಿದಾಗ ನೋಟರ್ ಡೇಮ್ 14, ಅತಿಥಿಗಳು 0. ಕೊನೆಯ ನಿಮಿಷದ ಒದೆತವೊಂದು ಫಲಿತಾಂಶವನ್ನು 16-14ಕ್ಕೆ ತಿರುಗಿಸಿತು. ಮೂರು ವರ್ಷ ಸೋಲರಿಯದ ತಂಡ ಸೋತಿತು. ಡಿಕಿನ್ಸನ್ ಲೆಕ್ಕದಲ್ಲಿ ಆ ವರ್ಷದ ಅಗ್ರಸ್ಥಾನ, ರಾಕ್ನಿ ಹೆಸರಿನ ಮೊದಲ ಟ್ರೋಫಿ, ಎರಡೂ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಹೋದವು. ಅಂದು ಪಂದ್ಯ ಗೆದ್ದ ಮೇಲೆ ಅವರ ತರಬೇತುದಾರ ಹೋವರ್ಡ್ ಜೋನ್ಸ್ ಆಟಗಾರರನ್ನು ಕರೆದುಕೊಂಡು ಹೈಲೆಂಡ್ ಸ್ಮಶಾನಕ್ಕೆ ಹೋಗಿ ರಾಕ್ನಿಯವರ ಸಮಾಧಿಗೆ ಗೌರವ ಸಲ್ಲಿಸಿದರು.